ಬಿಸಿಗೆ ಒಳಗೊಳಗೇ ಕೆಡುವ ಮರಕ್ಕೆ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ನ್ಯೂಜೆರ್ಸಿಯಲ್ಲಿ ಹಳೆಯ ಮನೆ ಕೊಳ್ಳುವ ಕನ್ನಡಿಗರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಮಾಡಿನ ವಿಷಯಕ್ಕೆ ಬಂದಾಗ ಕೈ ನಿಂತಿತು. ಮರ ಕೆಡುವುದಕ್ಕೆ ನಮ್ಮಲ್ಲಿ ಮಾತು ಬೇಕಾದಷ್ಟಿದೆ. ಆದರೆ ಇಲ್ಲಿ ಮರ ಕೆಡುವ ರೀತಿಯೇ ಬೇರೆ.

1980ರ ದಶಕದಲ್ಲಿ ಅಮೆರಿಕದ ಪೂರ್ವ ರಾಜ್ಯಗಳಲ್ಲಿ ಟೌನ್‌ಹೌಸ್‌ಗಳನ್ನು, ಅಂದರೆ ಗೋಡೆಗೆ ಗೋಡೆ ಅಂಟಿದ ಸಾಲುಮನೆಗಳನ್ನು, ಬಹಳ ಕಟ್ಟಿದರು. ಒಂದು ಮನೆಯ ಬೆಂಕಿ ಪಕ್ಕದ ಮನೆಗೆ ದಾಟದಿರಲಿ ಅಂತ ನಡುವಿನ ಗೋಡೆಯನ್ನು ಮಾಡಿನಿಂದ ಮೇಲಕ್ಕೆ ಎತ್ತುವ ರೂಢಿ ಇತ್ತು. ಅದರ ಬದಲು ಮಾಡಿನಲ್ಲೇ, ಗೋಡೆಯ ಎರಡೂ ಕಡೆ 4 ಅಡಿ ಅಗಲಕ್ಕೆ, ಬೆಂಕಿ ತಡೆಯುವ ಔಷಧಿ ತುಂಬಿದ ಪ್ಲೈವುಡ್ ಹಾಸಿದರೂ ಆಗುತ್ತದೆ ಅಂತ ಕಟ್ಟಡ ನಿಯಮಗಳು ಒಪ್ಪಿದವು. ಅಂಥ ಎಷ್ಟೋ ಹಾಸುಗಳು ಹತ್ತು ವರ್ಷ ತುಂಬುವ ಮೊದಲೇ ಸತ್ವ ಕಳೆದುಕೊಂಡವು.

ಕಾರಣ ಆ ಔಷಧಿಯೇ. ಹೆಚ್ಚಿನವು ಫಾಸ್ಫೇಟ್ ಲವಣಗಳು. ಬೆಂಕಿ ಬಿದ್ದಾಗ ಇವುಗಳಿಂದ ಆಮ್ಲ ಹುಟ್ಟುತ್ತದೆ. ಅದರಿಂದ ಮರ ಉರಿಯುವ ಅನಿಲ ಬಿಡುವುದು ಕಡಿಮೆಯಾಗಿ, ಬೇಗ ಇದ್ದಿಲಾಗುತ್ತದೆ. ಜ್ವಾಲೆ ಹಬ್ಬುವುದಿಲ್ಲ. ಕೆಲಸ ಮಾಡಬೇಕಾದ್ದು ಹಾಗೆ. ಆದರೆ ಬೇಸಿಗೆಯಲ್ಲಿ ಕಪ್ಪು ಶಿಂಗಲ್ಸ್, ಅಂದರೆ ಮಾಡಿನ ಮೇಲ್ಹೊದಿಕೆಯ ಬಿಲ್ಲೆಗಳ, ಕೆಳಗಿನ ಹಲಗೆ 60-70 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಜೊತೆಗೆ ತೇವವೂ ಇದ್ದರೆ ಕೆಲವು ಔಷಧಿಗಳಲ್ಲಿ ಆ ಆಮ್ಲ ಬೆಂಕಿಯೇ ಇಲ್ಲದೆ ಹುಟ್ಟಿಬಿಡುತ್ತದೆ. ಮರದ ನಾರನ್ನು ಹಿಡಿದಿಟ್ಟ ಹೆಮಿಸೆಲ್ಯುಲೋಸ್ ಮೊದಲು ತುಂಡಾಗುತ್ತದೆ. ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿರುವ ಫಾರೆಸ್ಟ್ ಪ್ರಾಡಕ್ಟ್ಸ್ ಲ್ಯಾಬೊರೇಟರಿ ಇದನ್ನು ವಿವರವಾಗಿ ಪರೀಕ್ಷೆ ಮಾಡಿ ತೋರಿಸಿದೆ.

ಅಟ್ಟಕ್ಕೆ ಹತ್ತಿ ಟಾರ್ಚ್ ಬಿಟ್ಟರೆ ಗೊತ್ತಾಗುತ್ತದೆ. ನಡುಗೋಡೆಯ ಪಕ್ಕದ ಹಲಗೆ ಕಡುಕಂದು, ಅದರಾಚೆಯ ಮಾಮೂಲಿ ಹಲಗೆ ತಿಳಿ ಬಣ್ಣ. ಸ್ಕ್ರೂಡ್ರೈವರ್ ಒತ್ತಿದರೆ ಸೀಳು ಏಳುವುದಿಲ್ಲ, ಹಪ್ಪಳದ ಹಾಗೆ ಅಡ್ಡಕ್ಕೆ ಮುರಿಯುತ್ತದೆ. ಚೂರನ್ನು ಬೆರಳಲ್ಲಿ ಹೊಸಕಿದರೆ ಒಣ ಪುಡಿ.

ಇದಕ್ಕೆ ‘ಕೊಳೆತಿದೆ’ ಅನ್ನಲೇ? ಬೆಂಗಳೂರಿನ ಕಡೆ ‘ಲಡ್ಡು ಹಿಡಿದಿದೆ’, ಕರಾವಳಿಯಲ್ಲಿ ‘ಕುಂಬಾಗಿದೆ’ ಅನ್ನುತ್ತಾರೆ. ಇವು ಮೂರರಲ್ಲೂ ನೀರಿನ, ಬೂಷ್ಟಿನ ವಾಸನೆ ಇದೆ. ಇಲ್ಲಿ ಬೂಷ್ಟೂ ಇಲ್ಲ, ಗೆದ್ದಲೂ ಇಲ್ಲ. ನನ್ನ ಆತಂಕ ಸುಮ್ನೆ ಪದದ್ದಲ್ಲ. ಕೊಳೆತಿದೆ ಅಂತ ಬರೆದರೆ ಓದಿದವರು ಸೋರಿಕೆ ಹುಡುಕುತ್ತಾರೆ, ಮೇಲಿನ ಶಿಂಗಲ್ಸ್ ಮಾತ್ರ ರಿಪೇರಿ ಮಾಡಿಸುತ್ತಾರೆ, ಹಲಗೆ ಹಾಗೇ ಉಳಿಯುತ್ತದೆ. ಅದರ ಮೇಲೆ ಕೆಲಸದವನು ಕಾಲಿಟ್ಟರೆ ಜೀವಕ್ಕೇ ಅಪಾಯ ಅಲ್ವಾ?

‘ಕರಕಲು’ ಅಂದರೆ ಬೆಂಕಿ ಬಿದ್ದಿತ್ತು ಅಂತ ತಿಳಿಯುತ್ತಾರೆ. ‘ಶಿಥಿಲ’ ಯಾವ ಹಳೆಯ ಕಟ್ಟಡಕ್ಕೂ ಹೊಂದುತ್ತದೆ, ಕಾರಣ ಹೇಳುವುದಿಲ್ಲ. ನನಗೆ ಹತ್ತಿರ ಅನಿಸಿದ್ದು ‘ಕಮರು’. ಬೆಂಕಿ ಕಾಣದಿದ್ದರೂ ಕಾವಿಗೆ ಬಣ್ಣಗೆಟ್ಟು ಸತ್ವ ಹೋಗುವುದು. ಬೆಳೆ ಕಮರಿತು, ಮೊಗ್ಗು ಕಮರಿತು ಅನ್ನುತ್ತೇವೆ. ಮರದ ಹಲಗೆಗೆ ಬಳಸಿದ್ದನ್ನು ಕೇಳಿಲ್ಲ.

ಇನ್ನೊಂದು ಸಣ್ಣ ಪ್ರಶ್ನೆ. ‘ಸಂಸ್ಕರಿಸಿದ ಮರ’ ಅಂದರೆ ಒಣಗಿಸಿ ಹದ ಮಾಡಿದ್ದೋ, ರಾಸಾಯನಿಕ ತುಂಬಿದ್ದೋ ತಿಳಿಯುವುದಿಲ್ಲ. ಅದಕ್ಕೇ ‘ಔಷಧಿ ತುಂಬಿದ ಮರ’ ಅಂತ ಬರೆಯುತ್ತಿದ್ದೇನೆ. ಆದರೆ ಔಷಧಿಯಲ್ಲೂ ಬಗೆ ಇದೆ. 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಸೊಂಟಿ ಕಾಮೇಶಂ ಕಂಡುಹಿಡಿದ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮಿಶ್ರಣ ಹುಳ, ಗೆದ್ದಲು, ಬೂಷ್ಟು ತಡೆಯಲು. ಅದರ ಚರ್ಚೆಯೇ ಬೇರೆ, ವಿಷದ್ದು. ಹಾಗಾಗಿ ‘ಬೆಂಕಿ ಔಷಧಿ’, ‘ಗೆದ್ದಲು ಔಷಧಿ’ ಅಂತ ಬಿಡಿಸಿ ಹೇಳಿದರೆ ಸಾಕೇ?

ಮರಗೆಲಸದವರ ಜೊತೆ ಒಡನಾಟ ಇರುವವರು, ಅದರಲ್ಲೂ ಮಲೆನಾಡು ಮತ್ತು ಉತ್ತರ ಕರ್ನಾಟಕದವರು, ದಯವಿಟ್ಟು ತಿಳಿಸಿ. ಒಲೆಯ ಮೇಲಿನ ಅಟ್ಟದಲ್ಲಿ ವರ್ಷಗಟ್ಟಲೆ ಕಾವು ತಿಂದು ಪುಡಿಯಾಗುವ ಹಲಗೆಗೆ ನಿಮ್ಮ ಕಡೆ ಏನನ್ನುತ್ತಾರೆ? ‘ಹಲಗೆ ಕಮರಿದೆ’ ಅಂದರೆ ನಿಮ್ಮ ಕಿವಿಗೆ ಸರಿ ಕೇಳಿಸುತ್ತದೆಯೇ?