ಬಾಣ ಎಣಿಸುವುದೋ, ಕತೆ ಹೇಳುವುದೋ? ಆಡಿ ಅನುಭವ ಇದ್ದವರು ಹೇಳಿ

ಶಿರಸಿಯಿಂದ ಕೇಳಿದ್ದು:
ಭಾನುವಾರ ಸಂಜೆ ನಮ್ಮನೆ ಜಗಲಿ ಮೇಲೆ ಐದು ಜನ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಡ್ತೇವೆ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸಿ ಕತೆ ಕಟ್ಟುವ ಆಟ, 2014ರ ಐದನೇ ಆವೃತ್ತಿ. ಆಟ ನಡೆಸುವವನು ನಾನು. ಕತೆ ನಮ್ಮ ಕಡೆದೇ: ಹೇರೆತ್ತಿನ ಮೇಲೆ ಕಾಳುಮೆಣಸು ಹೇರಿಕೊಂಡು ದೇವಿಮನೆ ಘಟ್ಟ ಇಳಿದು ಮಿರ್ಜಾನ್ ಕೋಟೆ ಮುಟ್ಟಬೇಕು. ಮೊದಲು ಬಾಣ, ಬುತ್ತಿ, ಪಂಜು ಎಲ್ಲದಕ್ಕೂ ಲೆಕ್ಕ ಇಟ್ಟೆವು. ಪ್ರತಿ ಪಾತ್ರದ ಶಕ್ತಿಯ ಅಂಕವನ್ನು 15ರಿಂದ ಗುಣಿಸಿ ಯಾರು ಎಷ್ಟು ಪೌಂಡ್ ಹೊರಬಹುದು ಅಂತ ತೆಗೆಯುವಷ್ಟರಲ್ಲಿ ಎರಡು ಸುತ್ತು ಚಹಾ ಆಗ್ತಿತ್ತು. ಬೇಸತ್ತು ಲೆಕ್ಕ ಬಿಟ್ಟೆ. ಈಗ ಮಳೆಗಾಲದ ಕಾಡಲ್ಲಿ ಮೂರು ದಿನ ದಾರಿ ತಪ್ಪಿದರೂ ಒಬ್ಬರಿಗೂ ಹೆದರಿಕೆ ಇಲ್ಲ. ಎಂತ ಮಾಡೂದು?

ಕುಮಟಾದಿಂದ:
ಒಂದನ್ನೇ ಎಣಿಸಿ. ನಮ್ಮ ಕತೆಯಲ್ಲಿ ಸಾಣಿಕಟ್ಟಾದ ಉಪ್ಪು ತುಂಬಿದ ದೋಣಿ ಅಘನಾಶಿನಿ ಅಳಿವೆ ದಾಟಿ ಸಮುದ್ರಕ್ಕೆ ಹೋಗಿತ್ತು. ಬಾಣ, ಹಗ್ಗ, ದುಡ್ಡು ಯಾವುದಕ್ಕೂ ಲೆಕ್ಕ ಇಡಲಿಲ್ಲ, ಕುಡಿಯುವ ನೀರಿಗೆ ಮಾತ್ರ ಇಟ್ಟೆ. ಮೇಜಿನ ಮೇಲೆ 12 ಹುಣಸೆಬೀಜ, ದಿನಕ್ಕೆ ತಲೆಗೊಂದು ತೆಗೆಯೋದು. ಎರಡನೇ ದಿನ ಕಡಲ್ಗಳ್ಳನೊಬ್ಬ ಸೆರೆ ಸಿಕ್ಕ. ಅವನಿಗೂ ಬೀಜ ಕೊಡಬೇಕಾ? ಮುಕ್ಕಾಲು ಗಂಟೆ ಜಗಳ ಮಾರಾಯ್ರೆ, ಒಂದು ದಾಳವೂ ಉರುಳಲಿಲ್ಲ! ಕೊಡಬೇಡಿ ಅಂದವನೇ ರಾತ್ರಿ ಕದ್ದು ತನ್ನ ಪಾಲು ಕೊಟ್ಟ. ಆ ಕಳ್ಳ ಇವತ್ತಿಗೂ ನಮ್ಮ ಕತೆಯಲ್ಲಿದ್ದಾನೆ. ನಿಮ್ಮಲ್ಲಿ ಎಣಿಸಬೇಕಾದ್ದು ಮೆಣಸಿನ ಹೇರು. ಗಾಯಗೊಂಡವನನ್ನು ಎತ್ತಿನ ಮೇಲೆ ಕೂರಿಸಬೇಕಾದರೆ ಒಂದು ಹೇರು ಇಳಿಸಲೇಬೇಕಲ್ಲ.

ಕಾರವಾರದಿಂದ:
ಬ್ಲ್ಯಾಕ್ ಹ್ಯಾಕ್ ಅನ್ನೋ ಆಟದಿಂದ ಎರವಲು ತಗೊಂಡದ್ದು: ಬತ್ತಳಿಕೆಗೆ ಎಂಟು ಮುಖದ ದಾಳ ಕೊಡಿ. ಬಳಸಿದ ಮೇಲೆ ಉರುಳಿಸಿ, 1 ಅಥವಾ 2 ಬಿದ್ದರೆ ಆರು ಮುಖದ್ದಕ್ಕೆ ಇಳೀತದೆ, ಆಮೇಲೆ ನಾಲ್ಕು, ಆಮೇಲೆ ಖಾಲಿ. ಸರಾಸರಿ 9 ಸಲ ಬಾಳ್ತದೆ. ಸರಾಸರಿ ಅಂದೆ, ನೆನಪಿರಲಿ. ನಮ್ಮ ಒಬ್ಬನದ್ದು ಮೂರೇ ಸಲಕ್ಕೆ ಮುಗಿದು ಮುಖ ಊದಿಸಿಕೊಂಡು ಕೂತ. ಬತ್ತಳಿಕೆ ಕಾಳಿ ನದಿಗೆ ಬಿತ್ತು ಅಂತ ಕತೆ ಕಟ್ಟಿ ಸಮಾಧಾನ ಮಾಡಬೇಕಾಯ್ತು.

ಅಂಕೋಲಾದಿಂದ:
ಮೇಲಿನವರು ಮುಖ್ಯದ್ದನ್ನೇ ಬಿಟ್ಟರು. ಐದನೇ ಆವೃತ್ತಿಯಲ್ಲಿ ಬುತ್ತಿ ಎಣಿಸಿ ಉಪಯೋಗ ಇಲ್ಲ. ಗುಡ್‌ಬೆರಿ ಅಂತ ಮೊದಲ ಹಂತದ ಮಂತ್ರ ಇದೆ, ಒಮ್ಮೆ ಹಾಕಿದರೆ 10 ಹಣ್ಣು, ಒಂದು ಹಣ್ಣು ತಿಂದರೆ ಒಂದು ದಿನದ ಊಟ ಆಯ್ತು. ಬೆಳಕು ಕೊಡೋ ಲೈಟ್ ಮಂತ್ರ ಬಂದವನಿಗೆ ಪಂಜೂ ಬೇಡ. ಹಸಿವು, ಕತ್ತಲೆ ಎರಡನ್ನೂ ನಿಯಮವೇ ತಿಂದು ಹಾಕಿದೆ. ಅಲ್ಲಿ ನಿಜವಾಗಿ ಖರ್ಚಾಗೋದು ಮಂತ್ರ ಮತ್ತು ಜೀವಾಂಕ (ಪೆಟ್ಟು ಬಿದ್ದಂತೆ ಇಳಿಯೋ ಅಂಕ), ಅವು ರಾತ್ರಿ ಮಲಗಿ ಎದ್ದರೆ ವಾಪಸ್. ಆದ್ದರಿಂದ ನಿದ್ದೆಯನ್ನೇ ದುಬಾರಿ ಮಾಡಿ. ಆಟ ನಡೆಸುವವರ ಕೈಪಿಡಿಯಲ್ಲೇ ಪರ್ಯಾಯ ನಿಯಮ ಇದೆ: ಸಣ್ಣ ವಿಶ್ರಾಂತಿಗೆ 8 ಗಂಟೆ, ಇವೆಲ್ಲ ವಾಪಸ್ ಕೊಡೋ ದೊಡ್ಡದಕ್ಕೆ 7 ದಿನ. ಉಂಬಳ ಕಚ್ಚುವ ಕಾಡಲ್ಲಿ ಏಳು ದಿನ ಮಲಗ್ತಾರಾ? ಯಾರದ್ದಾದರೂ ಮನೆ ಬಾಗಿಲು ತಟ್ಟಲೇಬೇಕು. ಆ ಮನೆಯವರು ಯಾರು ಅಂತ ನೀವು ಯೋಚಿಸಿಟ್ಟರೆ ಸಾಕು.

ಹೊನ್ನಾವರದಿಂದ:
ಶ್ಯಾಡೋಡಾರ್ಕ್ ಅಂತ ಇಂಥದ್ದೇ ಇನ್ನೊಂದು ಆಟ ಇದೆ, ಆಡಿ ನೋಡಿ. ಅದರಲ್ಲಿ ಪಂಜು ಉರಿಯೋದು ನಿಜವಾದ ಒಂದು ಗಂಟೆ, ಮೊಬೈಲಲ್ಲಿ ಟೈಮರ್ ಇಡೋದು. ಅಷ್ಟರಲ್ಲಿ ಕರೆಂಟ್ ಹೋದರೆ ಇನ್ನೂ ಚಂದ.

ಶಿರಸಿಯವರು ಮತ್ತೆ:
ಗುಡ್‌ಬೆರಿ ಹಾಕುವವಳು ನನ್ನ ತಂಗಿಯೇ! ಇಷ್ಟು ದಿನ ಸುಮ್ಮನೆ ನಗ್ತಾ ಕೂತಿದ್ಲು. ಮುಂದಿನ ವಾರ ಏಳು ದಿನದ ನಿಯಮ, ಜೊತೆಗೆ ಹತ್ತು ಹೇರು. ಹುಣಸೆಬೀಜದ ಬದಲು ಮೆಣಸಿನ ಕಾಳೇ ಇಡ್ತೇನೆ, ಮನೇಲಿ ಬೇಕಾದಷ್ಟಿದೆ.