‘ರಿವರ್ಟ್’ ಅಂದರೆ ಉತ್ತರಿಸು ಅಂತಲಾ?

ಪ್ರಶ್ನೆ:
ಆಫೀಸಿನ ಮೇಲ್‌ಗಳಲ್ಲಿ ‘ಪ್ಲೀಸ್ ರಿವರ್ಟ್’, ‘ಕೈಂಡ್ಲಿ ರಿವರ್ಟ್ ಬ್ಯಾಕ್ ಅಟ್ ದಿ ಅರ್ಲಿಯೆಸ್ಟ್’ ಅಂತ ಬರೆಯೋದು ಮಾಮೂಲು. ನಿಘಂಟು ತೆಗೆದರೆ ‘ಹಿಂದಿನ ಸ್ಥಿತಿಗೆ ಮರಳು’ ಅಂತಿದೆ, ಉತ್ತರ ಕೊಡೋ ಸುದ್ದಿಯೇ ಇಲ್ಲ. ಯಾವುದು ಸರಿ? ಲಂಡನ್ನಿನ ಕ್ಲೈಂಟ್‌ಗೆ ಬರೆಯುವಾಗ ಬಳಸಬಹುದಾ? ಇದರ ಮುಂದೆ ‘ಟು’ ಬರಬೇಕಾ, ‘ಆನ್’ ಬರಬೇಕಾ?

ಉತ್ತರ 1:
ನಿಘಂಟು ಹೇಳಿದ್ದೇ ಮೂಲ ಅರ್ಥ. ಲ್ಯಾಟಿನ್‌ನಲ್ಲಿ ‘ರೆ’ ಅಂದರೆ ಹಿಂದಕ್ಕೆ, ‘ವೆರ್ಟೆರೆ’ ಅಂದರೆ ತಿರುಗು. ಕನ್ವರ್ಟ್, ಡೈವರ್ಟ್, ಇನ್ವರ್ಟ್ ಎಲ್ಲ ಇದರ ದಾಯಾದಿಗಳೇ.

ಒಂದು ಸಂಗತಿ ಬದಲಾಗಿ, ಆಮೇಲೆ ಮೊದಲು ಹೇಗಿತ್ತೋ ಹಾಗೇ ಆದರೆ ಅದು ರಿವರ್ಟ್. ಲೆನಿನ್‌ಗ್ರಾಡ್ 1991ರಲ್ಲಿ ಮತ್ತೆ ಸೇಂಟ್ ಪೀಟರ್ಸ್‌ಬರ್ಗ್ ಆಯಿತಲ್ಲ, ‘ದಿ ಸಿಟಿ ರಿವರ್ಟೆಡ್ ಟು ಇಟ್ಸ್ ಓಲ್ಡ್ ನೇಮ್’ ಅನ್ನಬಹುದು. ಗುತ್ತಿಗೆ ಅವಧಿ ಮುಗಿದು ಜಮೀನು ಮಾಲೀಕನ ಕೈಗೆ ವಾಪಸ್ ಬಂದರೆ ‘ದಿ ಲ್ಯಾಂಡ್ ರಿವರ್ಟ್ಸ್ ಟು ದಿ ಓನರ್’. ತೋಟಗಾರಿಕೆಯಲ್ಲೂ ಇದೇ ಮಾತು. ಬಿಳಿ-ಹಸಿರು ಪಟ್ಟೆ ಎಲೆಯ ಗಿಡದಲ್ಲಿ ಬರೀ ಹಸಿರೆಲೆಯ ರೆಂಬೆ ಹೊಡೆದರೆ ಗಿಡ ರಿವರ್ಟ್ ಆಗುತ್ತಿದೆ ಅಂತ ಅರ್ಥ. ಆ ರೆಂಬೆಯನ್ನು ಬುಡಕ್ಕೇ ಕತ್ತರಿಸಬೇಕು. ಹಸಿರು ಜಾಸ್ತಿ ಇರೋದರಿಂದ ಅದೇ ಜೋರಾಗಿ ಬೆಳೆದು ಉಳಿದದ್ದನ್ನು ಹಿಂದೆ ಹಾಕಿಬಿಡುತ್ತದೆ.

ಕನ್ನಡದವರು ಎಡವುವುದು ‘ಮರಳು’ ಅನ್ನೋ ಕ್ರಿಯಾಪದದಿಂದ. ನಾವು ‘ಊರಿಗೆ ಮರಳಿದ’ ಅಂತಲೂ ಅನ್ನುತ್ತೇವೆ, ‘ಹಳೇ ಚಟಕ್ಕೆ ಮರಳಿದ’ ಅಂತಲೂ ಅನ್ನುತ್ತೇವೆ. ರಿವರ್ಟ್ ಸಲ್ಲುವುದು ಎರಡನೆಯದಕ್ಕೆ ಮಾತ್ರ. ಊರಿಗೆ ಹೋಗಿದ್ದಕ್ಕೆ ‘ರಿಟರ್ನ್ಡ್’.

ವ್ಯಾಕರಣ ಸುಲಭ. ಮುಂದೆ ‘ಟು’, ಅದರ ಮುಂದೆ ನಾಮಪದ ಅಥವಾ ‘ಇಂಗ್’ ರೂಪ. ‘ಹಿ ರಿವರ್ಟೆಡ್ ಟು ಸ್ಮೋಕಿಂಗ್’ ಸರಿ, ‘ರಿವರ್ಟೆಡ್ ಟು ಸ್ಮೋಕ್’ ತಪ್ಪು. ಈ ‘ಟು’ ಕ್ರಿಯಾಪದದ ಹಿಂದೆ ಬರುವ ‘ಟು’ ಅಲ್ಲ, ದಿಕ್ಕು ತೋರಿಸುವ ‘ಟು’. ‘ರಿವರ್ಟ್ ಬ್ಯಾಕ್’ ಅಂದರೆ ‘ಹಿಂದಕ್ಕೆ ವಾಪಸ್ ಬಾ’ ಅಂದ ಹಾಗೆ. ‘ರೆ’ಯಲ್ಲೇ ಹಿಂದಕ್ಕೆ ಇದೆ, ಇನ್ನೊಂದು ಬ್ಯಾಕ್ ದಂಡ. ನಾಮಪದ ಬೇಕಾದರೆ ‘ರಿವರ್ಶನ್’. ‘ರಿವರ್ಸಲ್’ ಬೇರೆ, ಅದು ‘ರಿವರ್ಸ್’ನಿಂದ ಬಂದದ್ದು. ಉಚ್ಚಾರದಲ್ಲಿ ಒತ್ತು ಎರಡನೇ ಭಾಗಕ್ಕೆ: ರಿ-ವರ್ಟ್.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಆದರೆ ‘ಉತ್ತರಿಸು’ ಅನ್ನೋದು ತಪ್ಪು ಅಂತ ಪೂರ್ತಿ ತಳ್ಳಿಹಾಕಲು ಬರೋದಿಲ್ಲ. ಆಕ್ಸ್‌ಫರ್ಡ್‌ನ ಕಲಿಯುವವರ ನಿಘಂಟಿನಲ್ಲಿ ಭಾರತೀಯ ಇಂಗ್ಲಿಷ್ ಅನ್ನೋ ಗುರುತಿನೊಂದಿಗೆ ಆ ಅರ್ಥವೂ ಸೇರಿದೆ. ಸಿಂಗಪುರ, ಮಲೇಷ್ಯಾದ ಕಚೇರಿಗಳಲ್ಲೂ ಇದೇ ಬಳಕೆ. ‘ಟು ರಿವರ್ಟ್ ಟು ಯುವರ್ ಅರ್ಲಿಯರ್ ಪಾಯಿಂಟ್’, ಅಂದರೆ ಬಿಟ್ಟ ವಿಷಯಕ್ಕೆ ಮತ್ತೆ ಬರೋದು, ಇಂಗ್ಲಿಷಿನಲ್ಲಿ ಹಿಂದಿನಿಂದಲೂ ಇದೆ. ಅಲ್ಲಿಂದ ‘ನಿಮ್ಮ ಪತ್ರದ ವಿಷಯಕ್ಕೆ ಬರುತ್ತೇವೆ’, ಆಮೇಲೆ ‘ಉತ್ತರಿಸುತ್ತೇವೆ’ ಅಂತಾಗೋದು ದೂರದ ದಾರಿಯೇನಲ್ಲ.

ಹಾಗಾಗಿ ಬೆಂಗಳೂರಿಂದ ಚೆನ್ನೈಗೆ ಬರೆಯುವಾಗ ತಲೆ ಕೆಡಿಸಿಕೊಳ್ಳಬೇಡಿ. ಲಂಡನ್ನಿಗಾದರೆ ಬೇಡ. ಅವರಿಗೆ ‘ಪ್ಲೀಸ್ ರಿವರ್ಟ್’ ಅಂದರೆ ‘ದಯವಿಟ್ಟು ಹಳೇ ಸ್ಥಿತಿಗೆ ಮರಳಿ’ ಅಂತ ಕೇಳಿಸುತ್ತದೆ. ಯಾವ ಸ್ಥಿತಿ ಅಂತ ಅವರು ತಲೆ ಕೆರೆದುಕೊಳ್ಳಬೇಕು. ‘ರಿವರ್ಟ್ ಮಿ’ ಮಾತ್ರ ಇಲ್ಲೂ ಬೇಡ, ಅಲ್ಲೂ ಬೇಡ.

ಸರ್ಕಾರಿ ನೌಕರರಿಗೆ ಇನ್ನೊಂದು ಅರ್ಥವೂ ಗೊತ್ತಿರಬೇಕು: ಹಿಂಬಡ್ತಿ. ಬಡ್ತಿ ಪಡೆದವರನ್ನು ಹಿಂದಿನ ಹುದ್ದೆಗೇ ಕಳಿಸಿದರೆ ಆದೇಶದಲ್ಲಿ ‘ರಿವರ್ಟೆಡ್ ಟು ದಿ ಪೋಸ್ಟ್ ಆಫ್...’ ಅಂತಿರುತ್ತದೆ. ಬಡ್ತಿ ಮೀಸಲಾತಿಗೆ ಸಂಬಂಧಿಸಿದ ಬಿ.ಕೆ. ಪವಿತ್ರ ಪ್ರಕರಣದಲ್ಲಿ 2017ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ಕರ್ನಾಟಕದ ಪತ್ರಿಕೆಗಳಲ್ಲಿ ಓಡಾಡಿದ ‘ಹಿಂಬಡ್ತಿ’ ಇದೇ. ಅದು ಶಿಕ್ಷೆಯೇ ಆಗಿರಬೇಕೆಂದೇನಿಲ್ಲ, ಅದಕ್ಕೇ ‘ಡಿಮೋಶನ್’ ಅಂತ ಕಣ್ಣುಮುಚ್ಚಿ ಅನುವಾದಿಸಬೇಡಿ.

ಉತ್ತರ 3:
ಸಾಫ್ಟ್‌ವೇರ್ ಕೆಲಸವಾದರೆ ಇದು ಬರೀ ಭಾಷೆಯ ವಿಷಯವಲ್ಲ. ಈ ಎರಡು ವಾಕ್ಯ ನೋಡಿ:

‘ಪ್ಲೀಸ್ ರಿವರ್ಟ್ ಆನ್ ದಿ ಚೇಂಜಸ್ ಬೈ ಈವ್ನಿಂಗ್.’
‘ಪ್ಲೀಸ್ ರಿವರ್ಟ್ ದಿ ಚೇಂಜಸ್ ಬೈ ಈವ್ನಿಂಗ್.’

ಮೊದಲನೆಯದಕ್ಕೆ ನಮ್ಮ ಅರ್ಥ ‘ಬದಲಾವಣೆಗಳ ಬಗ್ಗೆ ಸಂಜೆಯೊಳಗೆ ಅಭಿಪ್ರಾಯ ತಿಳಿಸಿ’. ಎರಡನೆಯದು ‘ಮಾಡಿದ್ದನ್ನೆಲ್ಲ ಸಂಜೆಯೊಳಗೆ ತೆಗೆದು ಮೊದಲಿನಂತೆ ಮಾಡಿ’. ನಡುವೆ ಇರೋದು ಒಂದು ‘ಆನ್’. ಅವಸರದಲ್ಲಿ ಅದು ಬಿಟ್ಟುಹೋದರೆ, ಅಥವಾ ಓದುವವರಿಗೆ ಭಾರತೀಯ ಅರ್ಥ ಗೊತ್ತಿಲ್ಲದಿದ್ದರೆ, ಪ್ರೊಡಕ್ಷನ್‌ನಲ್ಲಿ, ಅಂದರೆ ಗ್ರಾಹಕರು ನಿಜವಾಗಿ ಬಳಸುತ್ತಿರುವ ವ್ಯವಸ್ಥೆಯಲ್ಲಿ, ಚೆನ್ನಾಗಿ ಓಡುತ್ತಿದ್ದ ಕೋಡನ್ನೇ ಕಿತ್ತುಹಾಕಿಬಿಡಬಹುದು.

ಮೂಲ ಅರ್ಥದಲ್ಲಿ ರಿವರ್ಟ್‌ಗೆ ಕರ್ಮಪದ ಇರೋದಿಲ್ಲ. ವಸ್ತು ತಾನೇ ಮರಳುತ್ತದೆ. ಕಂಪ್ಯೂಟರ್ ಭಾಷೆಯಲ್ಲಿ ನಾವೇ ಅದನ್ನು ಮರಳಿಸುತ್ತೇವೆ, ಅದಕ್ಕೇ ‘ರಿವರ್ಟ್ ದಿ ಕಮಿಟ್’ ಸರಿ (ಕಮಿಟ್ ಅಂದರೆ ದಾಖಲಿಸಿಟ್ಟ ಒಂದು ಬದಲಾವಣೆ). ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ತಂತ್ರಾಂಶದಲ್ಲಿ ‘ರಿವರ್ಟ್’ ಕೊಟ್ಟರೆ ಹಳೆಯ ಕಮಿಟ್ ಅಳಿಸುವುದಿಲ್ಲ, ಅದರ ಪರಿಣಾಮವನ್ನು ರದ್ದು ಮಾಡುವ ಹೊಸ ಕಮಿಟ್ ಒಂದು ಸೇರುತ್ತದೆ. ಬ್ರಾಂಚನ್ನೇ (ಕಮಿಟ್‌ಗಳ ಒಂದು ಸಾಲನ್ನೇ) ಹಿಂದಿನ ಜಾಗಕ್ಕೆ ಎಳೆಯೋದು ‘ರಿಸೆಟ್’. ತಂಡದ ಎಲ್ಲರೂ ಬಳಸುವ ಬ್ರಾಂಚಿನಲ್ಲಿ ರಿವರ್ಟ್ ವಾಸಿ, ಇತಿಹಾಸ ಕೆಡೋದಿಲ್ಲ. ತಂಡದ ಮೇಲ್‌ಗಳಲ್ಲಿ ಉತ್ತರಕ್ಕೆ ‘ರಿಪ್ಲೈ’, ಹಿಂದೆಗೆತಕ್ಕೆ ‘ರಿವರ್ಟ್’ ಅಂತ ಮೀಸಲಿಡೋದು ಕ್ಷೇಮ.

ಪ್ರಶ್ನೆ ಕೇಳಿದವರು:
ಧನ್ಯವಾದ. ಹಾಗಾದರೆ ‘ನೋಡಿ ನಾಳೆಯೊಳಗೆ ತಿಳಿಸುತ್ತೇವೆ’ ಅನ್ನಲು ‘ವಿ ವಿಲ್ ಚೆಕ್ ಅಂಡ್ ರಿಪ್ಲೈ ವಿಥಿನ್ ಟುಮಾರೊ’ ಸಾಕಾ?

ಉತ್ತರ 1:
‘ರಿಪ್ಲೈ’ ನಡೆಯುತ್ತೆ, ‘ಗೆಟ್ ಬ್ಯಾಕ್ ಟು ಯು’ ಇನ್ನೂ ಚೆನ್ನ; ವಿಚಾರಿಸಿ ಆಮೇಲೆ ಹೇಳುತ್ತೇವೆ ಅನ್ನೋ ಭಾವ ಅದರಲ್ಲಿದೆ. ಆದರೆ ‘ವಿಥಿನ್ ಟುಮಾರೊ’ ನಮ್ಮ ‘ಒಳಗೆ’ಯ ನೇರ ನಕಲು. ವಿಥಿನ್ ಮುಂದೆ ಅವಧಿ ಬರಬೇಕು: ವಿಥಿನ್ ಟೂ ಡೇಸ್. ದಿನ, ತಾರೀಖು, ಗಂಟೆಗೆ ‘ಬೈ’. ಹೀಗೆ ಬರೆಯಿರಿ: ‘ವಿ ವಿಲ್ ಚೆಕ್ ಅಂಡ್ ಗೆಟ್ ಬ್ಯಾಕ್ ಟು ಯು ಬೈ ಟುಮಾರೊ.’