ಅಪ್‌ಡೇಟ್: ಇಂಗ್ಲೆಂಡಿನ ಹೋಮ್‌ಸ್ಟೆಡರ್‌ನ ಪೌರತ್ವದ ಕಾಗದ ಎಲ್ಲಿದೆ?

ಹಿಂದೆ ಕೇಳಿದ್ದು ಇಷ್ಟು: ಇಂಗ್ಲೆಂಡಿನಲ್ಲಿ ಹುಟ್ಟಿ, 1870ರ ದಶಕದಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಹೋಮ್‌ಸ್ಟೆಡರ್ ಆಗಿ, ಅಂದರೆ ಸರ್ಕಾರಿ ಭೂಮಿಯಲ್ಲಿ ನೆಲೆಸಿ ಉತ್ತು, 160 ಎಕರೆ ಪಡೆದ ಪೂರ್ವಜರ ಪೇಟೆಂಟ್, ಅಂದರೆ ಹಕ್ಕುಪತ್ರ, ಕೈಯಲ್ಲಿದೆ, ಅವರ ಅಮೆರಿಕ ಪೌರತ್ವದ ಕಾಗದ ಎಲ್ಲಿ ಹುಡುಕುವುದು? ಉತ್ತರ: ಮೊದಲು ಭೂಮಿಯ ಕಡತದಲ್ಲೇ.

ಇಂಥ ಭೂಮಿ ಕೊಡುತ್ತಿದ್ದ 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ ಅರ್ಜಿ ಹಾಕುವಾಗ ವಿದೇಶಿಯರಿಗೆ ‘ಪ್ರಜೆಯಾಗುವ ಉದ್ದೇಶವಿದೆ’ ಎಂಬ ಘೋಷಣೆ ಸಾಕಿತ್ತು. ಐದು ವರ್ಷ ಅಲ್ಲೇ ವಾಸವಿದ್ದು ಉತ್ತು ಬಿತ್ತಿ, ಅಂತಿಮ ಪುರಾವೆ ಒಪ್ಪಿಸುವಾಗ ಪೂರ್ಣ ಪೌರತ್ವ ಬೇಕಿತ್ತು. ಅದರ ದೃಢೀಕೃತ ನಕಲು ಸಾಮಾನ್ಯವಾಗಿ ಕಡತ ಸೇರುತ್ತಿತ್ತು, ಜೊತೆಗೆ ಇಬ್ಬರು ಸಾಕ್ಷಿಗಳ ಹೇಳಿಕೆ. ನಿಜವಾದ ರುಚಿ ಈ ಹೇಳಿಕೆಗಳಲ್ಲಿದೆ: ಮನೆಯ ಉದ್ದಗಲ, ಎಷ್ಟು ಎಕರೆ ಉತ್ತಿದ್ದರು, ಬಾವಿ ತೋಡಿದ್ದರೇ ಎಂಬ ವಿವರಗಳೆಲ್ಲ ಬರುತ್ತವೆ.

ಕಡತ ಇರುವುದು ವಾಷಿಂಗ್ಟನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ. 1908ರ ಜೂನ್‌ವರೆಗಿನ ಕಡತಕ್ಕೆ ಭೂ ಕಚೇರಿಯ ಹೆಸರು, ಅಂತಿಮ ಸರ್ಟಿಫಿಕೇಟ್ ಸಂಖ್ಯೆ ಎರಡೂ ಬೇಕು; ಎರಡೂ ಪೇಟೆಂಟ್‌ನ ಮೇಲೇ ಇವೆ. ಜಮೀನು ಎಲ್ಲಿದೆ ಎಂದು ಹೇಳುವ ಸರ್ವೆ ಗುರುತುಗಳಾದ ಟೌನ್‌ಶಿಪ್, ರೇಂಜ್, ಸೆಕ್ಷನ್ ಕೂಡ ಬರೆದುಕೊಡಿ.

ಎಡವುವುದು ಎರಡು ಕಡೆ. ಐದು ವರ್ಷ ಕಾಯದೆ ಎಕರೆಗೆ 1.25 ಡಾಲರ್ ಕಟ್ಟಿ ಕೊಂಡಿದ್ದರೆ ಕಡತ ನಗದು ಖರೀದಿಯ ಸಾಲಿನಲ್ಲಿರುತ್ತದೆ, ಹೋಮ್‌ಸ್ಟೆಡ್ ಸಾಲಿನಲ್ಲಿ ಹುಡುಕಿದರೆ ಸಿಗದು. ಇನ್ನೊಂದು, ಹುಟ್ಟೂರಿನ ಆಸೆ: 1906ಕ್ಕೆ ಮುಂಚಿನ ಪೌರತ್ವ ಪತ್ರಗಳಲ್ಲಿ ಹೆಚ್ಚಾಗಿ ‘ಇಂಗ್ಲೆಂಡ್’ ಎಂದಷ್ಟೇ ಇರುತ್ತದೆ, ವಿಕ್ಟೋರಿಯಾ ರಾಣಿಯ ನಿಷ್ಠೆ ತೊರೆದ ಸಾಲಿನ ಜೊತೆ. ಊರಿಗಾಗಿ 1837ರ ಜುಲೈನಿಂದ ಶುರುವಾದ ಇಂಗ್ಲೆಂಡಿನ ಜನನ ನೋಂದಣಿಯನ್ನೇ ನೋಡಬೇಕು.